ಕರ್ತೃ ಎಲ್ಲಿ ಹೋದ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ: ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಪಕ್ಷದ ಸಭೆಗೆ ಹೋದರೂ ಕಿವಿಗೆ ಬೀಳುವ ಮಾತು ಒಂದೇ: ‘ಆಗಬೇಕು’. ರಸ್ತೆ ಆಗಬೇಕು, ನೀರಾವರಿ ಆಗಬೇಕು, ಹಾಡಿಯ ಜನರ ಉದ್ಧಾರ ಆಗಬೇಕು. ಮಾಡಬೇಕಾದವರು ಯಾರು? ಅದನ್ನು ಮಾತ್ರ ಕೇಳಬಾರದು!

ನಮ್ಮ ನುಡಿಯಲ್ಲಿ ‘ಬೇಕು’ ಎಂಬುದು ಬಯಕೆಯೂ ಹೌದು, ಕರ್ತವ್ಯವೂ ಹೌದು. ಮಗು ‘ಬೆಲ್ಲ ಬೇಕು’ ಎಂದರೆ ಬಯಕೆ. ತಾಯಿ ‘ಶಾಲೆಗೆ ಹೋಗಬೇಕು’ ಎಂದರೆ ವಿಧಿ. ಮುಖಂಡರ ‘ಬೇಕು’ ಚುನಾವಣೆಗೆ ಮುಂಚೆ ವಿಧಿಯಂತೆ ಮೊಳಗುತ್ತದೆ. ಮತ ಎಣಿಸಿದ ಮರುದಿನ ಬರಿಯ ಬಯಕೆಯಾಗಿ ಉಳಿಯುತ್ತದೆ. ‘ಬಹುದು’ ಇದರ ತಮ್ಮ. ‘ಕೊಡಬಹುದು’ ಎಂದರೆ ಅನುಮತಿಯೋ ಊಹೆಯೋ, ಹೇಳಿದವರೇ ಬಲ್ಲರು.

ಇದು ಬರಿಯ ವ್ಯಾಕರಣದ ತಕರಾರಲ್ಲ. 2006ರ ಅರಣ್ಯ ಹಕ್ಕು ಕಾಯಿದೆ, ಹಕ್ಕಿನ ಪರಿಶೀಲನೆ ಮುಗಿಯುವ ತನಕ ಅರಣ್ಯವಾಸಿಯನ್ನು ಅವನ ನೆಲದಿಂದ ಎಬ್ಬಿಸತಕ್ಕದ್ದಲ್ಲ ಎಂದು ವಿಧಿಸಿತು. ಅದಕ್ಕೂ ಮುಂಚೆಯೇ ನಾಗರಹೊಳೆಯಿಂದ ಹೊರಬಿದ್ದವರ ಪಾಡೇನು? ಹೈಕೋರ್ಟು ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ, ಪುನರ್ವಸತಿಗೆ ಅರ್ಹವಾದ 3,418 ಕುಟುಂಬಗಳನ್ನು ಎಣಿಸಿಯೇ ಹೇಳಿತು. ಇಷ್ಟು ನಿಖರವಾದ ಲೆಕ್ಕದ ಎದುರಿಗೆ ವೇದಿಕೆಯಲ್ಲಿ ‘ಆಗಬೇಕು’, ಕಚೇರಿಯಲ್ಲಿ ‘ಪರಿಶೀಲಿಸಲಾಗುವುದು’ ಎಂದರೆ ಏನರ್ಥ? ‘ತಕ್ಕದ್ದು’ ಸವೆದು ‘ಬೇಕು’ ಆಯಿತು, ‘ಬೇಕು’ ಸವೆದು ‘ಬಹುದು’ ಆಯಿತು. ಕೊನೆಗೆ ‘ಲಾಗುವುದು’ ಬಂದು ಕರ್ತೃವನ್ನೇ ನುಂಗಿತು.

ಭಾಷಣವೇನು ಕಾಯಿದೆಯೇ ಎನ್ನುವವರಿದ್ದಾರೆ. ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರು ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯನ್ನು ಸಭೆಯಲ್ಲಿಯೇ ಬಿಟ್ಟು ಬರಲಿಲ್ಲ. ಗೇಣಿ ಜಮೀನು 1974ರ ಮಾರ್ಚ್ 1ರಿಂದ ಸರ್ಕಾರಕ್ಕೆ ಸೇರತಕ್ಕದ್ದೆಂದು ಅವರ ಸರ್ಕಾರದ ತಿದ್ದುಪಡಿ ಕಾಯಿದೆ ವಿಧಿಸಿತು. ಯಾವುದು, ಯಾರಿಗೆ, ಎಂದಿನಿಂದ ಎಂಬ ಮೂರೂ ಅದರಲ್ಲಿದ್ದವು. ಆದ್ದರಿಂದಲೇ ಗೇಣಿದಾರನು ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಲ್ಲುವುದು ಸಾಧ್ಯವಾಯಿತು. ‘ಆಗಬೇಕು’ ಎಂಬ ಮಾತನ್ನು ಹಿಡಿದು ಯಾವ ಮಂಡಳಿಯ ಮುಂದೆ ನಿಲ್ಲೋಣ?

ಪೇಟೆಯ ನಾವೂ ನಿರ್ದೋಷಿಗಳಲ್ಲ. ಕಾಫಿ ಕುಡಿಯುತ್ತ ‘ಕಾಡೂ ಉಳಿಯಬೇಕು, ಕಾಡಿನವರೂ ಉಳಿಯಬೇಕು’ ಎಂದು ಲೋಟ ಕೆಳಗಿಟ್ಟು ಏಳುತ್ತೇವೆ. ನಮ್ಮ ವಾಕ್ಯದಲ್ಲಿಯೂ ಕರ್ತೃವಿಲ್ಲ. ಇದ್ದಿದ್ದರೆ ಅದು ನಾವೇ ಆಗುತ್ತಿದ್ದೆವು.

ಇನ್ನು ಮೇಲೆ ಯಾರಾದರೂ ‘ಆಗಬೇಕು’ ಎಂದಾಗ ಚಪ್ಪಾಳೆಗೆ ಮುಂಚೆ ಎರಡು ಪ್ರಶ್ನೆ ಕೇಳೋಣ: ಮಾಡುವವರು ಯಾರು? ಯಾವ ದಿನದೊಳಗೆ? ಉತ್ತರ ಬಾರದಿದ್ದರೆ ಆ ಮಾತು ವಾಗ್ದಾನವಲ್ಲ, ಬರಿಯ ನಿಟ್ಟುಸಿರು. ನಿಟ್ಟುಸಿರಿಗೆ ಮತ ಕೊಡುವುದು ಬೇಡ.