ಅಡಿಕೆಗೆ ಇರುವುದು ಒಂದೇ ಧಾರಣೆಯಲ್ಲ

ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ "ಅಡಿಕೆಗೆ ಇವತ್ತು ಎಷ್ಟುಂಟು?" ಎಂದು ಕೇಳಿದರೆ ಸಿಗುವುದು ಒಂದೇ ಅಂಕೆ. ಅದು ಮೇಲ್ದರ್ಜೆಯ ಚಾಲಿಯ ದರ. ಆದರೆ ಅಂಗಡಿಯಲ್ಲಿ ಗೋಣಿ ಬಿಚ್ಚಿದಾಗ ಹೊಸತು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಮಾಲು ಬೇರೆ ಬೇರೆಯಾಗುತ್ತದೆ. ಒಂದೊಂದಕ್ಕೂ ಒಂದೊಂದು ದರ. ಕೃಷಿಕನ ಕೈಗೆ ಬರುವ ದುಡ್ಡನ್ನು ನಿರ್ಧರಿಸುವುದರಲ್ಲಿ ಈ ದರಗಳ ನಡುವಿನ ಅಂತರದ ಪಾಲೂ ದೊಡ್ಡದು.

ಅಂತರ ಇರುವುದು ತಪ್ಪಲ್ಲ. ಚೆನ್ನಾಗಿ ಒಣಗಿಸಿದವನಿಗೆ, ಹುಳ ಬಾರದಂತೆ ಕಾಪಾಡಿ ಹೊಸತನ್ನು ಹಳತು ಮಾಡಿದವನಿಗೆ ಹೆಚ್ಚು ಸಿಗಲೇಬೇಕು. ತಕರಾರು ಇರುವುದು ಗಾರ್ಬಲ್ ಮಾಡುವ ರೀತಿಯ ಬಗ್ಗೆ. ಮೇಲ್ದರ್ಜೆಗೆ ಕಿಲೋಗೆ 400 ರೂಪಾಯಿ, ಕರಿಗೋಟಿಗೆ 200 ಎಂದಿಟ್ಟುಕೊಳ್ಳಿ. ಕ್ವಿಂಟಾಲಿನಲ್ಲಿ ಬರೇ 10 ಕಿಲೋ ಒಳ್ಳೆಯ ಅಡಿಕೆ ಕೆಳಗಿನ ರಾಶಿಗೆ ಬಿದ್ದರೆ 2,000 ರೂಪಾಯಿ ಹೋಯಿತು! ಮೇಲಿನ ದರ ಏರಿದ ಸುದ್ದಿ ಓದಿ ಸಂತೋಷಪಟ್ಟವನಿಗೆ ಇದು ಗೊತ್ತೇ ಆಗುವುದಿಲ್ಲ.

ಬೆಳೆಗಾರನಿಗೆ ನ್ಯಾಯವಾದ ಬೆಲೆ ಸಿಗಲೆಂದೇ 1973ರಲ್ಲಿ ಕರ್ನಾಟಕ, ಕೇರಳ ಎರಡೂ ಸೇರಿ ಕ್ಯಾಂಪ್ಕೊ ಕಟ್ಟಿದ್ದು. ಆ ನ್ಯಾಯ ಖಾಸಗಿ ಅಂಗಡಿಗಳಲ್ಲೂ ಕಾಣಬೇಕು. ಎಲ್ಲ ದರ್ಜೆಗಳ ಅಂದಂದಿನ ದರವನ್ನು ಕನ್ನಡ, ಮಲಯಾಳ ಎರಡರಲ್ಲೂ ಹಲಗೆಯಲ್ಲಿ ಬರೆಯಲಿ. ವಿಂಗಡಣೆ ಮಾರುವವನ ಕಣ್ಣೆದುರೇ ನಡೆಯಲಿ. ಚೀಟಿಯಲ್ಲಿ ಒಟ್ಟು ಮೊತ್ತ ಮಾತ್ರ ಸಾಲದು, ಯಾವ ದರ್ಜೆ ಎಷ್ಟು ಕಿಲೋ ಎಂಬುದೂ ಇರಲಿ. ಕೃಷಿಕರೂ ಅಷ್ಟೆ, ಮನೆಯಲ್ಲೇ ಆರಿಸಿ ತೂಗಿಕೊಂಡು ಹೋಗುವುದು ಒಳ್ಳೆಯದು.