ಕಬಡ್ಡಿ ಆಯ್ಕೆಗೆ ವಯಸ್ಸಷ್ಟೇ ಸಾಲದು



ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಕಬಡ್ಡಿ ಅಂಕಣದ ಪಕ್ಕ ನಿಂತರೆ ಒಂದು ವಿಷಯ ಕಣ್ಣಿಗೆ ರಾಚುತ್ತದೆ. ಇಬ್ಬರೂ ಒಂಬತ್ತನೇ ತರಗತಿಯವರೇ. ಒಬ್ಬನಿಗೆ ಮೀಸೆ ಚಿಗುರಿದೆ, ಭುಜ ಅಗಲವಾಗಿದೆ. ಇನ್ನೊಬ್ಬನ ದನಿಯೂ ಒಡೆದಿಲ್ಲ. ದೊಡ್ಡವನು ಕಾಲು ಹಿಡಿದ ಮೇಲೆ ಸಣ್ಣವನು ಗೆರೆ ಮುಟ್ಟುವುದೆಲ್ಲಿ? ತಂಡದಲ್ಲಿ ದೊಡ್ಡವನ ಹೆಸರು, ಸಣ್ಣವನಿಗೆ ‘ಮುಂದಿನ ವರ್ಷ ನೋಡೋಣ’ ಎಂಬ ಮಾತು. ಎಷ್ಟೋ ಮಕ್ಕಳು ಆಮೇಲೆ ಮೈದಾನದ ಕಡೆ ಬರುವುದೇ ಇಲ್ಲ.

ಗಂಡುಮಕ್ಕಳು ಸಾಮಾನ್ಯವಾಗಿ 13–14ರ ಆಸುಪಾಸಿನಲ್ಲಿ, ಹೆಣ್ಣುಮಕ್ಕಳು ಅದಕ್ಕೂ ಸುಮಾರು 2 ವರ್ಷ ಮೊದಲೇ ದಿಢೀರನೆ ಬೆಳೆಯುತ್ತಾರೆ. ಕೆಲವರಿಗೆ ಇದು ಬೇಗ, ಕೆಲವರಿಗೆ ತಡ. ತಡವಾಗಿ ಬೆಳೆಯುವವನು 17–18ರ ಹೊತ್ತಿಗೆ ಉಳಿದವರ ಸಮಕ್ಕೆ ಬರಬಲ್ಲ. ಅದುವರೆಗೆ ಮೈಬಲವಿಲ್ಲದೆ ಬರೀ ಚುರುಕಿನಿಂದ ಆಡಿ ಕಲಿತದ್ದು ಅವನ ಕೈಯಲ್ಲೇ ಇರುತ್ತದೆ. ಎತ್ತರ ಏರುವ ದಿನಗಳಲ್ಲಿ ಮಂಡಿಚಿಪ್ಪಿನ ಕೆಳಗೆ ನೋವು ಬರುವುದುಂಟು. ಅದನ್ನು ಸೋಮಾರಿತನವೆಂದು ಗದರಿಸಿ ಮಕ್ಕಳನ್ನು ಓಡಿಸುವುದು ತೀರಾ ತಪ್ಪು.

ನ್ಯೂಜಿಲೆಂಡಿನಲ್ಲಿ ಮಕ್ಕಳ ರಗ್ಬಿಗೆ ತೂಕದ ವಿಭಾಗಗಳಿವೆ. ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳು ಮೈ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸಿವೆ. ನಮಗೆ ಅಷ್ಟೆಲ್ಲ ಬೇಡ. ಗೋಡೆಗೊಂದು ಅಳತೆಪಟ್ಟಿ, ಒಂದು ತೂಕದ ಯಂತ್ರ, ಒಂದು ನೋಟ್‌ಬುಕ್ ಸಾಕು. 3 ತಿಂಗಳಿಗೊಮ್ಮೆ ಬರೆದಿಟ್ಟರೆ ಯಾರ ಬೆಳವಣಿಗೆ ಎಲ್ಲಿಗೆ ಬಂದಿದೆ ಎಂಬುದು ದೈಹಿಕ ಶಿಕ್ಷಕರಿಗೆ ಗೊತ್ತಾಗುತ್ತದೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರು ನಾಲ್ಕೂ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಇದನ್ನು ಈ ವರ್ಷವೇ ಶುರು ಮಾಡಿಸಬೇಕು.

– ಒಬ್ಬ ಪೋಷಕ, ವೈ.ಎನ್.ಹೊಸಕೋಟೆ, ಪಾವಗಡ ತಾಲ್ಲೂಕು