‘ಚೆನ್ನಾಗಿದೆ, ಮುಂದುವರಿಸಿ’ ಎನ್ನುವ ಗೈಡ್

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರಿಗೆಲ್ಲ ರಾವ್–ಬ್ಲ್ಯಾಕ್‌ವೆಲ್ ಪ್ರಮೇಯ ಗೊತ್ತು. ರಾವ್ ಎಂದರೆ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಡ್ಡಗೆರೆಯ ಆಚೆಗಿರುವ ಡೇವಿಡ್ ಬ್ಲ್ಯಾಕ್‌ವೆಲ್ ಅಮೆರಿಕದ ಕಪ್ಪುವರ್ಣೀಯರು ಎಂಬುದು ಅದನ್ನು ಪಾಠ ಮಾಡುವವರಲ್ಲೂ ಎಷ್ಟು ಜನಕ್ಕೆ ಗೊತ್ತಿದೆಯೋ. 1941ರಲ್ಲಿ, 22ರ ಹರೆಯದಲ್ಲೇ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಡೂಬ್ ಅವರಂಥ ಘಟಾನುಘಟಿಯ ಕೈಕೆಳಗೆ ಪಿಎಚ್.ಡಿ. ಮುಗಿಸಿದರು. ಆಮೇಲೆ ಕೆಲಸಕ್ಕೆ ಅರ್ಜಿ ಹಾಕಿದ್ದು ಕಪ್ಪುವರ್ಣೀಯರಿಗೆಂದೇ ಇದ್ದ ನೂರಕ್ಕೂ ಹೆಚ್ಚು ಕಾಲೇಜುಗಳಿಗೆ. ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುವ ಯೋಚನೆಯೇ ಆಗ ತಮ್ಮ ತಲೆಗೆ ಬಂದಿರಲಿಲ್ಲ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಗೈಡ್ ಎಂಬಾತ ಪ್ರಬಂಧವನ್ನು ತಿದ್ದಿದರೆ ಸಾಕೆ, ಅಥವಾ ಎಲ್ಲೆಲ್ಲಿ ಬಾಗಿಲು ತಟ್ಟಬಹುದು ಎಂದೂ ತೋರಿಸಬೇಕೆ? ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕಪ್ಪು ಸಂಶೋಧನಾ ವಿದ್ಯಾರ್ಥಿಗಳ ಕುರಿತ ಚರ್ಚೆ ಬಹುಕಾಲ ಪ್ರವೇಶದ ಸುತ್ತಲೇ ಗಿರಕಿ ಹೊಡೆಯಿತು. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಪ್ರವೇಶ ಕೊಡುವುದನ್ನು ತಡೆದ ಮೇಲಂತೂ ಬೇರೆ ಮಾತೇ ಇಲ್ಲ. ಒಳಗೆ ಬಂದ ವಿದ್ಯಾರ್ಥಿ ಐದಾರು ವರ್ಷ ಯಾರ ಎದುರು ಕೂರುತ್ತಾನೆ, ಅಲ್ಲಿ ಏನಾಗುತ್ತದೆ ಎಂಬುದು ಬದಿಗೆ ಸರಿಯಿತು. ವಿಜ್ಞಾನ ವಿಭಾಗಗಳಲ್ಲಿ ಎಷ್ಟೋ ಸಲ ವಿದ್ಯಾರ್ಥಿಯ ಸಂಬಳ ಬರುವುದೇ ಗೈಡ್ ತಂದ ಅನುದಾನದಿಂದ. ಶಿಫಾರಸು ಪತ್ರ ಅವರ ಕೈಯಲ್ಲಿ, ಪ್ರಬಂಧ ಸಾಕು ಎನ್ನುವ ತೀರ್ಮಾನವೂ ಅವರದೇ. ನಮ್ಮ ಸಂಶೋಧನಾ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಇಬ್ಬರು ಸಹಸಂಶೋಧಕರು ಒಂದು ಪ್ರಯೋಗ ಮಾಡಿದರು. 259 ವಿಶ್ವವಿದ್ಯಾಲಯಗಳ 6,500ಕ್ಕೂ ಹೆಚ್ಚು ಪ್ರಾಧ್ಯಾಪಕರಿಗೆ ಇಮೇಲ್ ಹೋಯಿತು: ‘ನಿಮ್ಮ ಸಂಶೋಧನೆಯಲ್ಲಿ ಆಸಕ್ತಿಯಿದೆ, ಪಿಎಚ್.ಡಿ. ಮಾಡಬೇಕೆಂದಿದ್ದೇನೆ, ಹತ್ತು ನಿಮಿಷ ಸಿಗಬಹುದೇ?’ ಒಕ್ಕಣೆ ಎಲ್ಲರಿಗೂ ಒಂದೇ, ಕೆಳಗಿನ ಹೆಸರು ಮಾತ್ರ ಬೇರೆ ಬೇರೆ. ಬಿಳಿಯ ಗಂಡಸಿನ ಹೆಸರಿಗೆ ಉತ್ತರ ಹೆಚ್ಚು. ಮಹಿಳೆಯರಿಗೆ, ಕಪ್ಪುವರ್ಣೀಯರಿಗೆ, ಲ್ಯಾಟಿನೋಗಳಿಗೆ, ಚೀನೀಯರಿಗೆ, ಭಾರತೀಯ ಹೆಸರಿನವರಿಗೆ ಕಡಿಮೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು ಅಂಶ. ‘ಇವತ್ತೇ ಸಿಗಬಹುದೇ’ ಎಂದು ಕೇಳಿದಾಗ ಈ ಭೇದ ಅಷ್ಟಾಗಿ ಕಾಣಲಿಲ್ಲ. ‘ಮುಂದಿನ ವಾರ’ ಎಂದಾಗ ಎದ್ದು ಕಂಡಿತು. ಇವತ್ತಿನ ಭೇಟಿಗೆ ಪ್ರಾಧ್ಯಾಪಕರು ತಮ್ಮ ಬಿಡುವನ್ನು ನೋಡುತ್ತಾರೆ. ಮುಂದಿನ ವಾರದ ಭೇಟಿಗೆ, ಈ ಮನುಷ್ಯ ತಮ್ಮ ಸಮಯಕ್ಕೆ ತಕ್ಕವನೇ ಎಂದು ಅಳೆಯತೊಡಗುತ್ತಾರೆ. ವಿಭಾಗದಲ್ಲಿ ಅಲ್ಪಸಂಖ್ಯಾತ ಪ್ರಾಧ್ಯಾಪಕರು ಹೆಚ್ಚಿದ್ದ ಮಾತ್ರಕ್ಕೆ ಈ ತಾರತಮ್ಯವೇನೂ ತಗ್ಗಿರಲಿಲ್ಲ.

ಇದು ಬಾಗಿಲ ಹೊರಗಿನ ಮಾತಾಯಿತು. ಒಳಗೆ ಬಂದವನಿಗೆ ಎದುರಾಗುವ ತೊಡಕು ಇನ್ನೂ ನಯವಾದದ್ದು. ಕೆಂಟ್ ಹಾರ್ಬರ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿಯ ವಿದ್ಯಾರ್ಥಿಗಳಿಗೆ ತಿದ್ದಲು ಕೊಟ್ಟ ಬರಹ ಕಪ್ಪುವರ್ಣೀಯನದು ಎಂದು ಅನಿಸಿದಾಗ ಟೀಕೆ ಮೆತ್ತಗಾಯಿತು. ಅದೂ ವ್ಯಾಕರಣದ ವಿಷಯದಲ್ಲಲ್ಲ, ವಿಚಾರದ ವಿಷಯದಲ್ಲಿ. ಎಲ್ಲಿ ಜನಾಂಗದ್ವೇಷಿ ಅನ್ನಿಸಿಕೊಳ್ಳುತ್ತೇನೋ ಎಂಬ ಅಳುಕು ಇರಬೇಕು. ಇಂಥ ಗೈಡ್ ಕರಡಿನ ಅಂಚಿನಲ್ಲಿ ‘ಚೆನ್ನಾಗಿದೆ, ಮುಂದುವರಿಸಿ’ ಎಂದು ಬರೆದು ಕಳಿಸುತ್ತಾರೆ. ಪಕ್ಕದ ಮೇಜಿನವನ ಕರಡಿನ ತುಂಬ ಕೆಂಪು ಶಾಯಿ. ಮೂರನೇ ವರ್ಷ ಅವನ ಲೇಖನ ನಿಯತಕಾಲಿಕೆಯಲ್ಲಿ ಅಚ್ಚಾಗುತ್ತದೆ; ಇವನದು ಹೊರಗಿನ ಪರಿಶೀಲಕರ ಕೈಯಲ್ಲಿ ಮೊದಲ ಬಾರಿಗೆ ಪೆಟ್ಟು ತಿಂದು ವಾಪಸು ಬರುತ್ತದೆ. ಬೈದವರು ಯಾರೂ ಇಲ್ಲ, ಆದ್ದರಿಂದ ದೂರು ಕೊಡಲೂ ಬರುವುದಿಲ್ಲ.

ಹಾಗೆಂದು ಕೆಂಪು ಶಾಯಿ ಸುರಿದರೂ ಆಗದು. ಸ್ಟ್ಯಾನ್‌ಫರ್ಡ್‌ನಲ್ಲಿ ಜೆಫ್ರಿ ಕೊಹೆನ್, ಕ್ಲಾಡ್ ಸ್ಟೀಲ್, ಲೀ ರಾಸ್ ವಿದ್ಯಾರ್ಥಿಗಳಿಂದ ತಮ್ಮ ಮೆಚ್ಚಿನ ಮೇಷ್ಟ್ರ ಬಗ್ಗೆ ಬರೆಸಿ, ಬರಹಕ್ಕೆ ಬರೆದವರ ಫೋಟೊ ಲಗತ್ತಿಸಿ, ವಾರದ ನಂತರ ಖಾರವಾದ ಟೀಕೆಯೊಂದಿಗೆ ಹಿಂತಿರುಗಿಸಿದರು. 1999ರಲ್ಲಿ ಫಲಿತಾಂಶ ಬಂತು. ಬರೀ ಟೀಕೆ ಸಿಕ್ಕ ಕಪ್ಪು ವಿದ್ಯಾರ್ಥಿಗಳು ತಿದ್ದುವವರಲ್ಲಿ ಪೂರ್ವಗ್ರಹ ಕಂಡರು. ಸ್ವಲ್ಪ ಹೊಗಳಿಕೆ ಬೆರೆಸಿದರೂ ಅನುಮಾನ ಪೂರ್ತಿ ಹೋಗಲಿಲ್ಲ. ‘ಇಲ್ಲಿನ ಮಟ್ಟ ಎತ್ತರದ್ದು, ನೀವು ಅದನ್ನು ಮುಟ್ಟಬಲ್ಲಿರಿ’ ಎಂಬ ಎರಡು ಮಾತನ್ನು ಅದೇ ಟೀಕೆಯ ಜೊತೆಗೆ ಸೇರಿಸಿದಾಗ ಉತ್ಸಾಹದಿಂದ ತಿದ್ದಲು ಕೂತರು. ಎರಡರಲ್ಲಿ ಒಂದು ತಪ್ಪಿದರೂ ಕೆಲಸ ಕೆಡುತ್ತದೆ.

ಎಲ್ಲ ಗೈಡ್‌ಗಳಿಗೂ ಈ ಹದ ತಾನಾಗಿ ಬರುತ್ತದೆಂದು ಕಾಯುವುದು ದಡ್ಡತನ. ಕಪ್ಪು ಪ್ರಾಧ್ಯಾಪಕರ ಮೇಲೆಯೇ ಭಾರ ಹಾಕುವುದೂ ಸರಿಯಲ್ಲ. ವಿಭಾಗದಲ್ಲಿ ಇರುವವರು ಒಬ್ಬರೋ ಇಬ್ಬರೋ; ಎಲ್ಲ ಸಮಿತಿಗೂ ಅವರೇ, ಎಲ್ಲರ ಅಳಲಿಗೂ ಅವರೇ. ಸ್ಟ್ಯಾನ್‌ಫರ್ಡ್‌ನ ಅಮಾದೊ ಪಡೀಯ 1994ರಲ್ಲೇ ಇದನ್ನು ‘ಸಾಂಸ್ಕೃತಿಕ ತೆರಿಗೆ’ ಎಂದು ಕರೆದರು.

ಟೆನ್ನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ 2004ರಲ್ಲಿ ಶುರುವಾದ ಫಿಸ್ಕ್–ವ್ಯಾಂಡರ್ಬಿಲ್ಟ್ ಸೇತು ಕಾರ್ಯಕ್ರಮ ಬೇರೆ ದಾರಿ ಹಿಡಿಯಿತು. ಚಾರಿತ್ರಿಕವಾಗಿ ಕಪ್ಪುವರ್ಣೀಯರ ಫಿಸ್ಕ್‌ನಲ್ಲಿ ಸ್ನಾತಕೋತ್ತರ ಪದವಿ, ಅದೇ ಊರಿನ ವ್ಯಾಂಡರ್ಬಿಲ್ಟ್‌ನಲ್ಲಿ ಪಿಎಚ್.ಡಿ. ಎರಡೂ ಕಡೆಯ ಅಧ್ಯಾಪಕರು ಮೊದಲಿನಿಂದಲೇ ವಿದ್ಯಾರ್ಥಿಯ ಬೆನ್ನಿಗಿರುತ್ತಾರೆ. ಒಬ್ಬ ಗೈಡ್‌ನ ಮರ್ಜಿಗೆ ಇಡೀ ಬದುಕು ಜೋತುಬೀಳುವುದು ಇದರಿಂದ ತಪ್ಪುತ್ತದೆ.

2025ರಿಂದ ಅಲ್ಲಿನ ಕೇಂದ್ರ ಸರ್ಕಾರ ವೈವಿಧ್ಯದ ಹೆಸರಿರುವ ಕಾರ್ಯಕ್ರಮಗಳ ಅನುದಾನಕ್ಕೆ ಕತ್ತರಿ ಹಾಕುತ್ತಿದೆ. ಆದರೆ ಕರಡಿಗೆ ಇಷ್ಟು ದಿನದೊಳಗೆ ಲಿಖಿತ ಟಿಪ್ಪಣಿ, ಪ್ರತಿಯೊಬ್ಬರಿಗೂ ಎರಡನೇ ಗೈಡ್, ಗೈಡ್ ಬದಲಿಸಿದರೂ ಸಂಬಳ ನಿಲ್ಲದಂತೆ ವಿಭಾಗದ ಖಾತರಿ: ಇವನ್ನು ಎಲ್ಲ ವಿದ್ಯಾರ್ಥಿಗಳಿಗೂ ನಿಯಮವಾಗಿ ಮಾಡಲು ಯಾವ ಹಣೆಪಟ್ಟಿಯೂ ಬೇಕಿಲ್ಲ. ಪ್ರಯೋಜನ ಹೆಚ್ಚು ಸಿಗುವುದು ಇಂದು ಹೆಚ್ಚು ಕಳೆದುಕೊಳ್ಳುತ್ತಿರುವವರಿಗೇ.

ಆ ಇಮೇಲ್ ಪ್ರಯೋಗದಲ್ಲಿ ಉತ್ತರ ಸಿಗದೆ ಉಳಿದವರ ಸಾಲಿನಲ್ಲಿ ನಮ್ಮ ಹೆಸರುಗಳೂ ಇದ್ದವು. ಇಂದು ಅಮೆರಿಕದ ಎಂಜಿನಿಯರಿಂಗ್ ವಿಭಾಗಗಳಲ್ಲಿ ಮೇಜಿನ ಆ ಬದಿಗೆ ಕೂತ ಭಾರತೀಯರು, ಅವರಲ್ಲಿ ಕನ್ನಡಿಗರು, ಕಡಿಮೆಯೇನಿಲ್ಲ. ‘ಮುಂದಿನ ವಾರ ಹತ್ತು ನಿಮಿಷ’ ಎಂಬ ಇಮೇಲ್ ಅವರಿಗೂ ಬರುತ್ತಿರುತ್ತದೆ.